ಕ್ಯೋಟೋಗೆ ಹೋದ್ರೆ ದೇವಸ್ಥಾನ ಆಮೇಲೆ ನೋಡಿ!



ಹೊಸಪೇಟೆಯಿಂದ ಒಬ್ಬ ಮಿತ್ರರು ಪತ್ರ ಬರೆದಿದ್ದಾರೆ. ಅವರ ಅಣ್ಣ ಜಪಾನಿನಲ್ಲಿ ಕೆಲಸದಲ್ಲಿದ್ದಾರಂತೆ. 'ಒಂದ್ಸಲ ಬಂದು ಹೋಗೋ, ಖರ್ಚು ನಾನು ನೋಡ್ಕೋತೀನಿ' ಅಂದಿದ್ದಾರಂತೆ. ಪುಣ್ಯವಂತರು! ಅವರ ಪ್ರಶ್ನೆ ಇಷ್ಟೇ: 'ಟೋಕಿಯೋ ನೋಡಿ ಬಂದುಬಿಡಲೇ? ಕ್ಯೋಟೋ ಅನ್ನೋ ಊರು ನೋಡಲೇಬೇಕು ಅಂತ ಅಣ್ಣ ಹೇಳ್ತಾನೆ. ಆದರೆ ಅಲ್ಲಿರೋದು ಬರೀ ದೇವಸ್ಥಾನವಂತೆ. ದೇವಸ್ಥಾನ ನೋಡೋಕೆ ಹಂಪಿ ಪಕ್ಕದವನು ನಾನು ಅಷ್ಟು ದೂರ ಯಾಕೆ ಹೋಗಲಿ? ನಮ್ಮಂಥ ಸಿನಿಮಾ ಹುಚ್ಚರಿಗೆ ಅಲ್ಲೇನಿದೆ ಸಾರ್?'

ಏನಿದೆ ಅಂತೀರಾ? ಈ ವಾರದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ದೇವಸ್ಥಾನ ಇದೆ, ಸುಳ್ಳಲ್ಲ. ಕ್ರಿ.ಶ. 794ರಿಂದ 1868ರವರೆಗೆ, ಸಾವಿರ ವರ್ಷಕ್ಕೂ ಹೆಚ್ಚು ಕಾಲ, ಜಪಾನಿನ ರಾಜಧಾನಿಯಾಗಿದ್ದ ಊರು ಅದು. ಬೀದಿಗೊಂದು ಗುಡಿ. ಆದರೆ ಪ್ರವಾಸದ ಪುಸ್ತಕಗಳು ಹೇಳದೆ ಬಿಡುವ ಮಾತೊಂದಿದೆ. ಕತ್ತಿ ಹಿಡಿದ ಸಮುರಾಯ್ ಚಿತ್ರಗಳ ದೊಡ್ಡ ಪಾಲು ತಯಾರಾದದ್ದು ಟೋಕಿಯೋದಲ್ಲಲ್ಲ, ಕ್ಯೋಟೋದಲ್ಲಿ. ಮದ್ರಾಸಿಗೆ ಕೋಡಂಬಾಕ್ಕಂ ಹೇಗೋ ಕ್ಯೋಟೋಗೆ ಉಝುಮಾಸಾ ಹಾಗೆ. ಕೋಡಂಬಾಕ್ಕಂ ಅಂದರೆ ನಮಗೆ ಬಿಡಿಸಿ ಹೇಳಬೇಕೆ? ನಮ್ಮ ಕನ್ನಡ ಚಿತ್ರಗಳೂ ಎಷ್ಟು ವರ್ಷ ಅಲ್ಲೇ ಹುಟ್ಟಿ ರೈಲು ಹತ್ತಿ ಬರುತ್ತಿದ್ದವು!

ಮೊದಲು 'ರಾಶೋಮನ್' ಕಥೆಯಿಂದಲೇ ಶುರು ಮಾಡೋಣ. ನೋಡದವರಿಗಾಗಿ ಎರಡು ಮಾತು. ಕಾಡಿನಲ್ಲಿ ಒಬ್ಬ ಸಮುರಾಯ್ ಕೊಲೆಯಾಗಿದ್ದಾನೆ. ಡಕಾಯಿತ ಒಂದು ಹೇಳುತ್ತಾನೆ, ಹೆಂಡತಿ ಇನ್ನೊಂದು ಹೇಳುತ್ತಾಳೆ, ಸತ್ತವನ ಆತ್ಮ ಬಂದು ಮೂರನೆಯದು ಹೇಳುತ್ತದೆ, ಮರೆಯಲ್ಲಿ ನೋಡಿದ ಸೌದೆಯವನದು ನಾಲ್ಕನೆಯದು. ಯಾವುದು ನಿಜ? ಚಿತ್ರ ಹೇಳುವುದಿಲ್ಲ. 1950ರಲ್ಲಿ ಅಕಿರಾ ಕುರೊಸಾವಾ ನಿರ್ದೇಶಿಸಿದ ಈ ಚಿತ್ರ 1951ರಲ್ಲಿ ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಗೆದ್ದಿತು. ಅಲ್ಲಿಂದಾಚೆಗೆ ಪ್ರಪಂಚ ಜಪಾನಿನ ಚಿತ್ರಗಳತ್ತ ಕಣ್ಣು ತಿರುಗಿಸಿತು. ಇದರ ಪ್ರೇರಣೆಯಿಂದ ಮದ್ರಾಸಿನಲ್ಲಿ ಎಸ್. ಬಾಲಚಂದರ್ 1954ರಲ್ಲಿ 'ಅಂದ ನಾಳ್' ತೆಗೆದರು. ಒಂದೇ ಒಂದು ಹಾಡಿಲ್ಲದ ತಮಿಳು ಚಿತ್ರ. ನಾಯಕ ಶಿವಾಜಿ ಗಣೇಶನ್. ನಾಯಕಿ ಯಾರು ಗೊತ್ತೆ? ನಮ್ಮ ಪಂಢರೀಬಾಯಿ! ಅದೇ 1954ರಲ್ಲಿ 'ಬೇಡರ ಕಣ್ಣಪ್ಪ'ನಲ್ಲಿ ಅಣ್ಣಾವ್ರ ಜೋಡಿಯಾಗಿದ್ದರಲ್ಲ, ಅವರೇ. ಅರವತ್ತು ವರ್ಷದ ಮೇಲೆ, 2014ರಲ್ಲಿ, 'ಉಳಿದವರು ಕಂಡಂತೆ' ಬಂದಾಗಲೂ ಜನ ಮೊದಲು ನೆನೆಸಿಕೊಂಡದ್ದು 'ರಾಶೋಮನ್' ಹೆಸರನ್ನೇ.

ಆ ಚಿತ್ರದಲ್ಲಿ ಧೋ ಅಂತ ಮಳೆ ಸುರಿಯುತ್ತಿರುತ್ತದೆ, ಮುರಿದ ಹೆಬ್ಬಾಗಿಲ ಕೆಳಗೆ ಮೂವರು ಕೂತಿರುತ್ತಾರೆ. ನೋಡಿದವನ ತಲೆಯಿಂದ ಆ ಬಾಗಿಲು ಹೋಗುವುದಿಲ್ಲ. ನಿಜವಾದ ಬಾಗಿಲು ಕ್ಯೋಟೋ ನಗರದ ದಕ್ಷಿಣದ ಮಹಾದ್ವಾರ. ನಾನು ಅದನ್ನೇ ಹುಡುಕಿಕೊಂಡು ಹೋದೆ. ಕ್ಯೋಟೋ ರೈಲು ನಿಲ್ದಾಣದ ಉತ್ತರದ ಕಡೆ ಹೊರಗೆ ಬಂದರೆ ಬಾಗಿಲಿನ ಹತ್ತರಲ್ಲೊಂದು ಅಳತೆಯ ಮಾದರಿ ನಿಲ್ಲಿಸಿದ್ದಾರೆ, 2016ರಿಂದ ಅಲ್ಲಿದೆ. ಫೋಟೋಕ್ಕೆ ಸಾಕು. ಅಸಲಿ ಜಾಗ ಬೇಕೆಂದರೆ ದಕ್ಷಿಣಕ್ಕೆ ನಡೆಯಬೇಕು. ತೋಜಿ ದೇವಾಲಯದ ಐದಂತಸ್ತಿನ ಮರದ ಗೋಪುರ ಸಿಗುತ್ತದೆ. ಸುಮಾರು 55 ಮೀಟರ್ ಎತ್ತರ, ಮರದ ಗೋಪುರಗಳಲ್ಲಿ ಜಪಾನಿಗೇ ಎತ್ತರದ್ದು. (ನೋಡಿದಿರಾ, ದೇವಸ್ಥಾನ ದಾರಿಯಲ್ಲೇ ಸಿಕ್ಕಿತು, ಖರ್ಚಿಲ್ಲದೆ!) ಅಲ್ಲಿಂದ ಪಶ್ಚಿಮಕ್ಕೆ ನಾಲ್ಕು ಹೆಜ್ಜೆ. ಮನೆಗಳ ಮಧ್ಯೆ ಮಕ್ಕಳಾಟದ ಒಂದು ಪುಟ್ಟ ಪಾರ್ಕು, ಜಾರುಬಂಡೆ. ನಡುವೆ ಕಬ್ಬಿಣದ ಬೇಲಿ, ಬೇಲಿಯೊಳಗೆ ಒಂದು ಕಲ್ಲುಕಂಬ. ಕಂಬದ ಮೇಲೆ ಐದು ಅಕ್ಷರ.

ಅಷ್ಟೇ. ಅದೇ ರಾಶೋಮನ್ ಹೆಬ್ಬಾಗಿಲು ಇದ್ದ ಸ್ಥಳ!

ಬಾಗಿಲು 980ರ ಬಿರುಗಾಳಿಗೆ ಬಿತ್ತು, ಮತ್ತೆ ಯಾರೂ ಎತ್ತಿ ನಿಲ್ಲಿಸಲಿಲ್ಲ. ಸಾಹಿತಿ ಅಕುತಾಗಾವಾ 1915ರಲ್ಲಿ ಅದರ ಹಾಳುಬಿದ್ದ ಕಾಲವನ್ನು ಇಟ್ಟುಕೊಂಡು ಕಥೆ ಬರೆದ. ಕುರೊಸಾವಾ ಹೆಸರನ್ನೂ ಬಾಗಿಲನ್ನೂ ಆ ಕಥೆಯಿಂದ ತೆಗೆದುಕೊಂಡು, ಕೊಲೆಯ ಕಥೆಯನ್ನು ಅದೇ ಲೇಖಕನ ಇನ್ನೊಂದರಿಂದ ತೆಗೆದುಕೊಂಡರು. ಇಲ್ಲದ ಬಾಗಿಲನ್ನು ಡೈಯೇ ಸ್ಟುಡಿಯೋದ ಬಯಲಿನಲ್ಲಿ ಹೊಸದಾಗಿ ಕಟ್ಟಿಸಿದರು. ಸುಮಾರು 20 ಮೀಟರ್ ಎತ್ತರದ ಸೆಟ್ಟು! ಎಷ್ಟು ದೊಡ್ಡದಾಯಿತೆಂದರೆ ಪೂರ್ತಿ ಮಾಡು ಹೊದಿಸಿದರೆ ಕಂಬಗಳು ತಡೆಯುವಂತಿರಲಿಲ್ಲ, ಹಾಗಾಗಿ ಅರ್ಧ ಮುರಿದ ಮಾಡನ್ನೇ ಕಟ್ಟಿದರು. ಚಿತ್ರದಲ್ಲಿ ಅದು ಕಲೆ. ಸೆಟ್ಟಿನಲ್ಲಿ ಅದು ಬಡಗಿಯ ಲೆಕ್ಕ. ಮಳೆ ಕಥೆಯೂ ಹಾಗೇ. ಬರೀ ನೀರು ಬಿಟ್ಟರೆ ಮಬ್ಬು ಆಕಾಶದ ಎದುರು ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲ. ನೀರಿಗೆ ಕಪ್ಪು ಮಸಿ ಕಲಸಿ, ಬೆಂಕಿ ಆರಿಸುವವರ ಪೈಪಿನಿಂದ ಹೊಡೆಸಿದರು.

ಇಲ್ಲಿ ಇನ್ನೊಬ್ಬನ ಹೆಸರು ಹೇಳದೆ ಹೋದರೆ ಪಾಪ ಬರುತ್ತದೆ. ಛಾಯಾಗ್ರಾಹಕ ಕಝುವೊ ಮಿಯಾಗಾವಾ. ಕ್ಯೋಟೋದಲ್ಲೇ 1908ರಲ್ಲಿ ಹುಟ್ಟಿದವನು, ಹುಡುಗನಾಗಿದ್ದಾಗ ಮಸಿಯ ಚಿತ್ರಕಲೆ ಕಲಿತವನು. ಕಾಡಿನ ದೃಶ್ಯದಲ್ಲಿ ಎಲೆಗಳ ಸಂದಿನಿಂದ ನೇರ ಸೂರ್ಯನಿಗೇ ಕ್ಯಾಮೆರಾ ಹಿಡಿದ. ಆ ಕಾಲಕ್ಕೆ ಅದು ದುಸ್ಸಾಹಸ. ಮರದಡಿ ಕತ್ತಲಿದ್ದ ಕಡೆ ದೊಡ್ಡ ಕನ್ನಡಿ ಹಿಡಿದು ಬಿಸಿಲನ್ನೇ ನಟರ ಮುಖಕ್ಕೆ ಹೊಡೆದ. ತೊಶಿರೊ ಮಿಫುನೆಯ ಬೆವರಿದ ಮುಖದ ಮೇಲೆ ಎಲೆಯ ನೆರಳು ಕುಣಿಯುತ್ತದಲ್ಲ, ಅದು ಕನ್ನಡಿಯ ಕರಾಮತ್ತು ಗುರುವೇ!

ಸರಿ, ಆ ಸೆಟ್ಟು ಹಾಕಿದ ಸ್ಟುಡಿಯೋ ಎಲ್ಲಿದೆ? ಉಝುಮಾಸಾದಲ್ಲಿ. ಇದಕ್ಕೆ ಬಸ್ಸು ಬೇಡ, ಕ್ಯೋಟೋ ಬಸ್ಸುಗಳಲ್ಲಿ ಪ್ರವಾಸಿಗರ ನೂಕುನುಗ್ಗಲು. ಶಿಜೋ-ಒಮಿಯಾದಿಂದ ಹೊರಡುವ ರಾಂಡೆನ್ ಎಂಬ ಟ್ರಾಂ ಹಿಡಿಯಿರಿ. ಒಂದೋ ಎರಡೋ ಡಬ್ಬಿ, ಮನೆಗಳ ಹಿತ್ತಿಲು ಸವರಿಕೊಂಡು ಹೋಗುತ್ತದೆ. ಎಲ್ಲಿ ಇಳಿದರೂ ಒಂದೇ ದರ, ದುಡ್ಡು ಇಳಿಯುವಾಗ ಕೊಡಬೇಕು.

ಉಝುಮಾಸಾದಲ್ಲಿ ಮೊದಲ ಸ್ಟುಡಿಯೋ ಮಾಡಿದವನು ಒಬ್ಬ ನಟ: ಬಾಂಡೊ ತ್ಸುಮಾಸಾಬುರೊ, 1926ರಲ್ಲಿ. ನಟನೊಬ್ಬ ತನ್ನ ಗಂಟಿನಿಂದ ಸ್ಟುಡಿಯೋ ಕಟ್ಟುವುದು ಎಂಥ ಸಾಹಸ ಅನ್ನೋದನ್ನ ನಮ್ಮ ಬಾಲಕೃಷ್ಣರ ಅಭಿಮಾನ್ ಸ್ಟುಡಿಯೋ ಕಥೆ ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ಅವನ ಸ್ಟುಡಿಯೋ ಕೈಬದಲಾಗುತ್ತ ಬಂದು ಇವತ್ತಿನ ತೊಯೇ ಸ್ಟುಡಿಯೋ ಆಗಿದೆ. ಆದರೆ 'ರಾಶೋಮನ್' ತೆಗೆದ ಡೈಯೇ? ಕಂಪನಿ 1971ರಲ್ಲಿ ದಿವಾಳಿಯಾಯಿತು. ಸ್ಟುಡಿಯೋ 1986ರಲ್ಲಿ ಮುಚ್ಚಿತು. ಈಗ ಅಲ್ಲಿ ಒಂದು ಶಾಲೆ, ವಸತಿಯ ಮನೆಗಳು. ಕುರುಡು ಕತ್ತಿವೀರ 'ಝಾಟೋಯಿಚಿ' ಹುಟ್ಟಿದ ನೆಲದಲ್ಲಿ ಹುಡುಗರು ಸೈಕಲ್ ನಿಲ್ಲಿಸಿ ಲೆಕ್ಕದ ಕ್ಲಾಸಿಗೆ ಹೋಗುತ್ತಾರೆ. ಸ್ಟುಡಿಯೋ ಹೋದರೂ ಪಕ್ಕದ ಅಂಗಡಿ ಬೀದಿ ತನ್ನ ಹೆಸರು ಬಿಟ್ಟಿಲ್ಲ, ಇವತ್ತಿಗೂ ಡೈಯೇ ಬೀದಿ. ದಿನಸಿ ಅಂಗಡಿಯೊಂದರ ಮುಂದೆ ಆಳೆತ್ತರವನ್ನೂ ಮೀರಿದ ಡೈಮಜಿನ್ ನಿಂತಿದ್ದಾನೆ. 1966ರ ಚಿತ್ರದಲ್ಲಿ ಬಡವರ ಗೋಳು ಕೇಳಿ ಎದ್ದು ಬರುವ ಕಲ್ಲಿನ ದೈತ್ಯ. ಅವನ ಕಾಲ ಬುಡದಲ್ಲಿ ಅಜ್ಜಿಯರು ಸೊಪ್ಪಿನ ಚೀಲ ಹಿಡಿದು ಮಾತಾಡುತ್ತಿದ್ದರು. ನಮ್ಮ ಕಡೆಯ ಯಾವ ಊರ ಅರಳೀಕಟ್ಟೆ ಆದರೂ ಆಗಬಹುದಿತ್ತು.

ಇದೇ ಡೈಯೇಯ ನಾಯಕ ಇಚಿಕಾವಾ ರಾಯ್ಝೊ. ಕ್ಯೋಟೋ ಹುಡುಗ. 1969ರಲ್ಲಿ ಕ್ಯಾನ್ಸರಿಗೆ ಬಲಿಯಾದಾಗ ವಯಸ್ಸು 37. ಅವನ ಚಿತ್ರಗಳ ಮರುಪ್ರದರ್ಶನಕ್ಕೆ ಜಪಾನಿನಲ್ಲಿ ಈಗಲೂ ಜನ ಬರುತ್ತಾರೆ, ಅವನು ಸತ್ತ ಮೇಲೆ ಹುಟ್ಟಿದವರೂ ಬರುತ್ತಾರೆ. 35ಕ್ಕೇ ಹೋದ ಶಂಕರಣ್ಣನ ಚಿತ್ರ ಹೊತ್ತು ತಿರುಗುವ ಆಟೋಗಳ ಊರಿನವರಾದ ನಮಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಇನ್ನು ತೊಯೇಯವರ ಚಿತ್ರಗ್ರಾಮ. 1970ರ ದಶಕದ ಹೊತ್ತಿಗೆ ಸಮುರಾಯ್ ಚಿತ್ರಗಳಿಗೆ ಜನ ಕಮ್ಮಿಯಾಗಿ ಟೀವಿ ಮುಂದೆ ಕೂತಿದ್ದರು. ಸ್ಟುಡಿಯೋದವರು ಅಳುತ್ತ ಕೂರಲಿಲ್ಲ. 1975ರಲ್ಲಿ ತಮ್ಮ ಹೊರಾಂಗಣ ಸೆಟ್ಟುಗಳಿಗೆ ಬಾಗಿಲಿಟ್ಟು, ಟಿಕೆಟ್ ಮಾಡಿ, ಜನರನ್ನು ಒಳಗೆ ಬಿಟ್ಟರು. ಹಳೆ ಕಾಲದ ಬೀದಿ, ಸೇತುವೆ, ಪೊಲೀಸು ಕಚೇರಿ... ಸಮುರಾಯ್ ವೇಷ ಹಾಕಿಸಿಕೊಂಡು ಬೀದಿಯಲ್ಲಿ ಅಡ್ಡಾಡಬಹುದು. ಮಕ್ಕಳ ಜಾತ್ರೆಯಂತಿದೆ ಅಂತ ಮೂಗು ಮುರಿಯುವವರಿದ್ದಾರೆ, ಅದೂ ನಿಜವೇ. ಇತ್ತೀಚೆಗೆ ಹಂತಹಂತವಾಗಿ ಹೊಸದು ಮಾಡುತ್ತಿದ್ದಾರೆ, ಯಾವ ಭಾಗ ತೆರೆದಿದೆ ಅಂತ ವಿಚಾರಿಸಿಕೊಂಡೇ ಹೋಗಿ.

ನಾನು ಅಲ್ಲಿ ನಿಂತು ನೆನೆದದ್ದು ನಾಯಕರನ್ನಲ್ಲ, ಸೆಯಿಜೊ ಫುಕುಮೊಟೊನನ್ನು. ಈ ಪುಣ್ಯಾತ್ಮನ ಕೆಲಸ ಏನು ಗೊತ್ತೆ? ಸಾಯೋದು! ಹದಿನೈದನೇ ವಯಸ್ಸಿಗೆ ತೊಯೇ ಸೇರಿ, ಐವತ್ತಕ್ಕೂ ಹೆಚ್ಚು ವರ್ಷ ನಾಯಕರ ಕತ್ತಿಗೆ ಸಿಕ್ಕು ಸತ್ತ. ಐವತ್ತು ಸಾವಿರ ಸಲ ಸತ್ತವನು ಅಂತಲೇ ಖ್ಯಾತಿ. ಏಟು ಬಿದ್ದ ಕೂಡಲೇ ಸೀಗಡಿಯ ಹಾಗೆ ಹಿಂದಕ್ಕೆ ಕಮಾನಾಗಿ ಬಾಗಿ ಬೀಳುವುದು ಅವನ ಸ್ಪೆಷಲ್. ಯಾಕೆ ಹಾಗೆ? ಹಿಂದಕ್ಕೆ ಬಾಗಿದರೆ ತಾನೆ ಕ್ಯಾಮೆರಾಕ್ಕೆ ಮುಖ ಕಾಣೋದು! ನಮ್ಮಲ್ಲಿ ಹೀರೋ ಒಂದು ಗುದ್ದಿದರೆ ಗಾಳಿಯಲ್ಲಿ ಮೂರು ಪಲ್ಟಿ ಹೊಡೆದು ಬೀಳುವ ಫೈಟರುಗಳಿದ್ದಾರಲ್ಲ, ಟೈಟಲ್ ಕಾರ್ಡಿನಲ್ಲಿ ಹೆಸರು ಓದುವಷ್ಟರಲ್ಲಿ ಮಾಯವಾಗುವವರು, ಅವರ ಅಣ್ಣ ಅಂತ ತಿಳಿಯಿರಿ. 2003ರ 'ದಿ ಲಾಸ್ಟ್ ಸಮುರಾಯ್' ನೋಡಿದ್ದೀರಾ? ಟಾಮ್ ಕ್ರೂಸ್ ಹಿಂದೆ ನೆರಳಿನ ಹಾಗೆ ತಿರುಗುವ ಮಾತಿಲ್ಲದ ಮುದುಕ, ಅವನೇ. ಕೊನೆಗೆ 2014ರಲ್ಲಿ, ಎಪ್ಪತ್ತರ ಹರೆಯದಲ್ಲಿ, 'ಉಝುಮಾಸಾ ಲೈಮ್‌ಲೈಟ್' ಚಿತ್ರಕ್ಕೆ ನಾಯಕನಾದ. ಸಾಯುವ ಪಾತ್ರಗಳನ್ನೇ ಮಾಡುತ್ತ ಮುದುಕನಾದ ಎಕ್ಸ್‌ಟ್ರಾ ನಟನ ಕಥೆ, ಅಂದರೆ ಹೆಚ್ಚುಕಡಿಮೆ ಅವನದೇ ಕಥೆ. ಕೆನಡಾದ ಮಾಂಟ್ರಿಯಲ್‌ನ ಚಿತ್ರೋತ್ಸವದಲ್ಲಿ ಅವನಿಗೆ ಉತ್ತಮ ನಟ ಪ್ರಶಸ್ತಿ ಬಂತು. 2021ರ ಜನವರಿ 1ರಂದು ನಿಜವಾಗಿಯೂ ತೀರಿಕೊಂಡ. ಕೋಡಂಬಾಕ್ಕಂನಲ್ಲೋ ಗಾಂಧಿನಗರದಲ್ಲೋ ಚಾನ್ಸ್ ಕೇಳಿ ಚಪ್ಪಲಿ ಸವೆಸಿದ ಓದುಗರು ಈ ಪತ್ರಿಕೆಗೆ ಬಹಳ ಜನ ಇದ್ದಾರೆ, ನನಗೆ ಗೊತ್ತು. ಅವರು ಆ ಚಿತ್ರವನ್ನು ಹುಡುಕಿ ನೋಡಲಿ.

ಅದೇ ಟ್ರಾಂ ಹತ್ತಿ ಕೊನೆಯ ನಿಲ್ದಾಣಕ್ಕೆ ಹೋದರೆ ಅರಾಶಿಯಾಮಾ. ಎಲ್ಲರೂ ಹೋಗುವ ಬಿದಿರು ತೋಪು ಅಲ್ಲಿದೆ. ಚೆನ್ನಾಗಿದೆ, ಆದರೆ ಜನವೋ ಜನ. ಎಲ್ಲರೂ ಮೊಬೈಲ್ ಎತ್ತಿ ಹಿಡಿದಿರುವುದರಿಂದ ಬಿದಿರಿಗಿಂತ ಮೊಬೈಲೇ ಹೆಚ್ಚು ಕಾಣುತ್ತವೆ. ಬಂದವರಲ್ಲಿ ಬಹಳ ಮಂದಿ ತೋಪು ಮುಗಿದ ಕಡೆ ವಾಪಸಾಗುತ್ತಾರೆ. ನೀವು ವಾಪಸಾಗಬೇಡಿ. ದಾರಿ ಮುಗಿಯುವಲ್ಲೇ ಒಂದು ಗೇಟಿದೆ. ಒಕೊಚಿ ಸಾನ್ಸೊ, ಅಂದರೆ ನಟ ಒಕೊಚಿಯ ಬೆಟ್ಟದ ಮನೆ. ನಾನು ಹೋದಾಗ ಟಿಕೆಟ್ 1,000 ಯೆನ್, ಅದರಲ್ಲೇ ಒಂದು ಬಟ್ಟಲು ಹಸಿರು ಚಹಾ, ಒಂದು ಸಿಹಿ. ಚಹಾ ಕಹಿ. ಸಿಹಿಯನ್ನು ಮೊದಲು ತಿನ್ನಿ.

ಡೆಂಜಿರೊ ಒಕೊಚಿ 1920-30ರ ದಶಕಗಳ ಸೂಪರ್‌ಸ್ಟಾರ್. ಒಂದು ಕಣ್ಣು, ಒಂದೇ ಕೈ ಇರುವ ಕತ್ತಿವೀರ ತಾಂಗೆ ಸಾಝೆನ್ ಪಾತ್ರ ಅಂದರೆ ಅವನೇ. ಸಂಪಾದನೆಯನ್ನು ಏನು ಮಾಡಿದ? ಮೂವತ್ತು ದಾಟಿದ ವಯಸ್ಸಿನಲ್ಲಿ ಈ ಗುಡ್ಡದಲ್ಲಿ ತೋಟ ಮಾಡಲು ಶುರುಮಾಡಿದ. 1962ರಲ್ಲಿ ಸಾಯುವ ತನಕ, ಮೂವತ್ತು ವರ್ಷ, ಒಂದೊಂದು ಚಿತ್ರದ ಸಂಭಾವನೆ ಬಂದ ಹಾಗೆ ಒಂದೊಂದು ಕಲ್ಲು, ಒಂದೊಂದು ಪೈನ್ ಮರ, ಒಂದು ಪುಟ್ಟ ಪೂಜಾಗೃಹ, ಒಂದು ಚಹಾ ಮನೆ. ಮೇಲೆ ಹತ್ತಿ ನಿಂತರೆ ಒಂದು ಕಡೆ ಇಡೀ ಕ್ಯೋಟೋ, ಇನ್ನೊಂದು ಕಡೆ ಹೊಳೆಯ ಕಣಿವೆ.

ಯಾಕೆ ತೋಟ? ಅಲ್ಲಿಯವರು ಕೊಡುವ ಕಾರಣ ಕೇಳಿ ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ಆ ಕಾಲದ ಫಿಲಂ ಬಹಳ ದಿನ ಬಾಳುತ್ತಿರಲಿಲ್ಲ. ಬೆಂಕಿ ಹತ್ತುವ, ಕೊಳೆತು ಪುಡಿಯಾಗುವ ಸರಕು. ತಾನು ನಟಿಸಿದ್ದು ಉಳಿಯುವುದಿಲ್ಲ ಅಂತ ಒಕೊಚಿಗೆ ಗೊತ್ತಿತ್ತು. ಅಳಿಯದ ಚೆಲುವು ಏನಾದರೂ ಬಿಟ್ಟುಹೋಗಬೇಕು ಅಂತ ತೋಟ ಮಾಡಿದನಂತೆ.

ಅವನ ಲೆಕ್ಕ ತಪ್ಪಾಗಿರಲಿಲ್ಲ. ಜಪಾನಿನ ಮೂಕಿ ಚಿತ್ರಗಳಲ್ಲಿ ಬಹುಪಾಲು ಇಂದು ಇಲ್ಲ. ಅವನನ್ನು ಮೆರೆಸಿದ 1927ರ 'ಚೂಜಿಯ ಪ್ರವಾಸದ ದಿನಚರಿ' ಕಳೆದೇಹೋಯಿತು ಅಂದುಕೊಂಡಿದ್ದರು. 1991ರಲ್ಲಿ ಅದರ ಕೆಲವು ಭಾಗ ಮಾತ್ರ ಸಿಕ್ಕಿತು. ಅವನ ತಾಂಗೆ ಸಾಝೆನ್‌ನನ್ನು ಹಾಸ್ಯಕ್ಕೆ ತಿರುಗಿಸಿ 1935ರಲ್ಲಿ ಸೊಗಸಾದ ಚಿತ್ರ ಮಾಡಿದವನು ಸದಾವೊ ಯಮನಾಕಾ, ಕ್ಯೋಟೋದ ಹುಡುಗ. ಇಪ್ಪತ್ತಕ್ಕೂ ಹೆಚ್ಚು ಚಿತ್ರ ನಿರ್ದೇಶಿಸಿ, ಸೈನ್ಯಕ್ಕೆ ಎಳೆದೊಯ್ದದ್ದರಿಂದ 1938ರಲ್ಲಿ ಚೀನಾದಲ್ಲಿ ಕಾಯಿಲೆ ಬಿದ್ದು 28ಕ್ಕೇ ಸತ್ತ. ಅವನ ಚಿತ್ರಗಳಲ್ಲಿ ಇಡಿಯಾಗಿ ಉಳಿದಿರುವುದು ಮೂರು. ಬರೀ ಮೂರು!

ಅವರದನ್ನು ಕೇಳಿ ಅಯ್ಯೋ ಪಾಪ ಅನ್ನುವ ಮೊದಲು ನಮ್ಮದನ್ನು ನೋಡಿಕೊಳ್ಳೋಣ. 1934ರ ಮಾರ್ಚ್ 3ರಂದು ತೆರೆಕಂಡ 'ಸತಿ ಸುಲೋಚನ' ಕನ್ನಡದ ಮೊದಲ ವಾಕ್ಚಿತ್ರ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಕೊಲ್ಹಾಪುರಕ್ಕೆ ಹೋಗಿ ಮಾಡಿಬಂದ ಚಿತ್ರ. ಅದರ ಒಂದು ಪ್ರಿಂಟೂ ಇವತ್ತು ಇಲ್ಲ. ಇಲ್ಲ ಅಂದರೆ ಇಲ್ಲ. ನಾಯ್ಡು ಇಂದ್ರಜಿತುವಾಗಿ, ನಾಗೇಂದ್ರರಾಯರು ರಾವಣನಾಗಿ ಹೇಗೆ ಕಂಡರು ಅಂತ ಕೇಳಿದರೆ ಒಂದಿಷ್ಟು ಸ್ಥಿರಚಿತ್ರ ತೋರಿಸಬಹುದು, ಅಷ್ಟೇ. ಅವರಿಗೆ ತೋಟ ಮಾಡುವಷ್ಟು ದುಡ್ಡೂ ಆಗ ಈ ಕಸುಬಿನಲ್ಲಿ ಇರಲಿಲ್ಲ.

ಸಂಜೆಗೆ ಊರ ಮಧ್ಯಕ್ಕೆ ಬನ್ನಿ. ಕ್ಯೋಟೋ ಮ್ಯೂಸಿಯಂನ ಮೂರನೇ ಮಹಡಿಯಲ್ಲಿ ಒಂದು ಚಿತ್ರಮಂದಿರವಿದೆ. ಸರ್ಕಾರವೇ ಕಾಪಾಡಿಟ್ಟಿರುವ ಹಳೆಯ ಚಿತ್ರಗಳನ್ನು ಅಲ್ಲಿ ಒಂದಾದ ಮೇಲೊಂದು ತೋರಿಸುತ್ತಾರೆ. ಮ್ಯೂಸಿಯಂ ಟಿಕೆಟಿಗೇ ಸಿನಿಮಾನೂ ಸೇರಿದೆ, ಬೇರೆ ದುಡ್ಡಿಲ್ಲ. ಇಂಗ್ಲಿಷ್ ಅಕ್ಷರ ಕೆಳಗೆ ಬರುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಭಾಷೆ ಬರದೆ ಎಷ್ಟು ಹಿಂದಿ-ತಮಿಳು ಚಿತ್ರ ನೋಡಿಲ್ಲ ನಾವು? ಕತ್ತಿ ಕಾಳಗಕ್ಕೆ ಅನುವಾದ ಯಾಕೆ! ನಾನು ಹೋದ ದಿನ ಸಭಿಕರಲ್ಲಿ ಮುಕ್ಕಾಲು ಪಾಲು ತಲೆ ನರೆತವರು. ಶಿಳ್ಳೆ ಇಲ್ಲ, ಕಾಗದದ ಚೂರಿಲ್ಲ. ನಾಯಕ ಮೊದಲು ಕಾಣಿಸಿಕೊಂಡಾಗ ನನ್ನ ಪಕ್ಕದ ತಾತ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತ.

ಇಷ್ಟರ ಮೇಲೂ ಸಮಯ ಮಿಕ್ಕರೆ ಕಾಮೋ ನದಿಯ ದಂಡೆಗೆ ಹೋಗಿ ಮಟ್ಸುನೊಸುಕೆ ಒನೊಯೆಯ ಪ್ರತಿಮೆ ನೋಡಿ. 1908ರಲ್ಲಿ ಶಿನ್ಯೊದೊ ದೇವಾಲಯದ ಅಂಗಳದಲ್ಲಿ ಕ್ಯೋಟೋದ ಮೊದಲ ಕಥಾಚಿತ್ರ ತೆಗೆದ ಶೋಝೊ ಮಕಿನೊ, ಮರುವರ್ಷವೇ ನಾಟಕ ಕಂಪನಿಯಿಂದ ಎಳೆದು ತಂದ ನಟ. ಜಪಾನಿನ ಮೊದಲ ಸಿನಿಮಾ ತಾರೆ. 1926ರಲ್ಲಿ ಸಾಯುವಷ್ಟರಲ್ಲಿ ಸಾವಿರದಷ್ಟು ಚಿತ್ರ, ಎಲ್ಲ ಪುಟ್ಟ ಪುಟ್ಟವು ಅನ್ನಿ. ಗುಡ್ಡೆಗಣ್ಣು ಅರಳಿಸಿ ನೋಡುತ್ತಿದ್ದುದರಿಂದ ಗುಡ್ಡೆಗಣ್ಣ ಅಂತಲೇ ಜನ ಮುದ್ದಿನಿಂದ ಕರೆದರು. ಪ್ರತಿಮೆ ಇಟ್ಟದ್ದು ಸಿನಿಮಾಕ್ಕಾಗಿ ಅಲ್ಲ. ಊರಿನ ಬಡವರಿಗೆ ಮನೆ ಕಟ್ಟಲು ಅವನು ದುಡ್ಡು ಕೊಟ್ಟಿದ್ದ, ಅದಕ್ಕಾಗಿ.

ಹೊಸಪೇಟೆ ಮಿತ್ರರಿಗೆ ಇನ್ನೆರಡು ಕಿವಿಮಾತು. ಗಿಯೊನ್ ಬೀದಿಯಲ್ಲಿ ಗೇಷಾ ಹೆಂಗಸರ ಹಿಂದೆ ಮೊಬೈಲ್ ಹಿಡಿದು ಓಡಬೇಡಿ. ಪ್ರವಾಸಿಗರ ಕಾಟ ತಡೆಯಲಾರದೆ 2024ರಿಂದ ಅಲ್ಲಿನ ಖಾಸಗಿ ಓಣಿಗಳಿಗೆ ಪ್ರವೇಶ ನಿಷೇಧಿಸಿ, ಮೀರಿದರೆ 10,000 ಯೆನ್ ದಂಡ ಅಂತ ಬೋರ್ಡು ಹಾಕಿದ್ದಾರೆ. ಸಸ್ಯಾಹಾರಿಗಳಾದರೆ ಸಾರಿನಲ್ಲೂ ಮೀನು ಇರುತ್ತದೆ, ಕೇಳಿಯೇ ತಿನ್ನಿ. ಏಪ್ರಿಲ್ ಮೊದಲ ವಾರ ಚೆರ್ರಿ ಹೂವಿನ ಕಾಲ, ರೂಮಿನ ಬಾಡಿಗೆ ಮುಗಿಲಿಗೇರುತ್ತದೆ. ಫೆಬ್ರವರಿಯಲ್ಲಿ ಹೋದರೆ ಜನ ಕಮ್ಮಿ, ಚಳಿ ಜಾಸ್ತಿ. ಟೋಕಿಯೋದಿಂದ ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆ. ಸೋಮವಾರ ಮ್ಯೂಸಿಯಂಗೆ ರಜ, ಆ ದಿನ ಬೇಕಾದರೆ ದೇವಸ್ಥಾನ ನೋಡಿ.